ಅಂಕೆಯೂ ಅನುರಾಗವೂ

ಕಳೆದ ವಾರ ನಮ್ಮ ಸೊಸೆಯು ಒಂದು ಇಂಗ್ಲಿಷ್ ಕಾದಂಬರಿಯನ್ನು ಮುಗಿಸಿ, ಕಣ್ಣೊರಸಿಕೊಳ್ಳುತ್ತ ಬಂದು, "ಮಾವನವರೇ, ಇದೆಲ್ಲ ನಡೆದುದೇ?" ಎಂದು ಕೇಳಿದಳು. ಹೆದರ್ ಮಾರಿಸ್ ಎಂಬಾಕೆ 2018ರಲ್ಲಿ ಪ್ರಕಟಿಸಿದ 'ದಿ ಟ್ಯಾಟೂಯಿಸ್ಟ್ ಆಫ್ ಆಶ್ವಿಟ್ಸ್' ಎಂಬ ಗ್ರಂಥವದು. ಪ್ರಶ್ನೆಯು ಚಿಕ್ಕದಾದರೂ ಉತ್ತರವು ಚಿಕ್ಕದಲ್ಲವೆಂದು ನಾವೂ ಓದಿದ ಮೇಲೆ ತಿಳಿಯಿತು.

ಕಥೆಯ ಮೂಲವು ನಿಜವಾದುದೇ. ಸ್ಲೊವಾಕಿಯ ದೇಶದ ಯೆಹೂದ್ಯ ತರುಣನಾದ ಲಾಲೆಯು 1942ರಲ್ಲಿ ನಾಜಿಗಳ ಆಶ್ವಿಟ್ಸ್ ಸೆರೆಬೀಡಿಗೆ ಒಯ್ಯಲ್ಪಟ್ಟನು. ಸೆರೆಯಾಳುಗಳ ತೋಳಿನ ಮೇಲೆ ಅಂಕೆಯನ್ನು ಹಚ್ಚೆಹೊಯ್ಯುವ ಕೆಲಸವು ಅವನ ಪಾಲಿಗೆ ಬಂದಿತು. ಅಲ್ಲಿಯೇ ಗೀಟಾ ಎಂಬ ಕನ್ಯೆಯಲ್ಲಿ ಅನುರಕ್ತನಾದನು. ಸುಮಾರು 11 ಲಕ್ಷ ಜನರು ಹತರಾದ ಆ ಸ್ಥಳದಿಂದ ಇಬ್ಬರೂ ಬದುಕಿ ಬಂದು, ವಿವಾಹವಾಗಿ, ಆಸ್ಟ್ರೇಲಿಯದಲ್ಲಿ ನೆಲೆಸಿದರು. 2003ರಲ್ಲಿ ಪತ್ನಿಯು ತೀರಿಕೊಂಡ ಬಳಿಕ ವೃದ್ಧನು ಲೇಖಕಿಗೆ ತನ್ನ ವೃತ್ತಾಂತವನ್ನು ಹೇಳಿದನು.

ಆದರೆ ಗ್ರಂಥವು ಹೊರಬಂದ ವರ್ಷವೇ ಆಶ್ವಿಟ್ಸ್ ಸ್ಮಾರಕದ ಸಂಶೋಧಕರು ಅದರಲ್ಲಿ ಅನೇಕ ದೋಷಗಳನ್ನು ತೋರಿಸಿದರು. ಗೀಟಾಳ ಅಂಕೆಯು 34902 ಎಂದು ಕಾದಂಬರಿಯು ಹೇಳುವುದು. ಆಕೆಯೇ ಕೊಟ್ಟಿದ್ದ ಸಾಕ್ಷ್ಯದಲ್ಲಿ ಅದು 4562. ಟೈಫಸ್ ಜ್ವರದಲ್ಲಿದ್ದ ಅವಳಿಗೆ ಪ್ರಿಯನು ಪೆನಿಸಿಲಿನ್ ತಂದುಕೊಟ್ಟನೆಂದಿದೆ. ಆ ಕಾಲದಲ್ಲಿ ಅದು ಅಲ್ಲಿ ದೊರೆಯುವಂತಿರಲಿಲ್ಲ, ದೊರೆತಿದ್ದರೂ ಆ ಜ್ವರಕ್ಕೆ ಅದು ಮದ್ದಲ್ಲ.

ಇತಿವೃತ್ತದಲ್ಲಿ ರಸಕ್ಕೆ ವಿರುದ್ಧವಾದುದಿದ್ದರೆ ಕವಿಯು ಅದನ್ನು ಬಿಟ್ಟು ಬೇರೆ ಕಲ್ಪಿಸಬಹುದೆಂದು ಆನಂದವರ್ಧನನ ಮತ. ಕಾಳಿದಾಸನು ದುರ್ವಾಸನ ಶಾಪವನ್ನು ತಂದು ದುಷ್ಯಂತನ ಮಾನವನ್ನುಳಿಸಿದನು. ಅದರಿಂದ ಭಾರತಕಥೆಗೆ ಹಾನಿಯಾಗಲಿಲ್ಲ. ಇಲ್ಲಿಯಾದರೋ ಅಂಕೆ ಬದಲಾದುದರಿಂದ ಯಾವ ರಸವೂ ಹೆಚ್ಚಲಿಲ್ಲ, ಸಾಕ್ಷ್ಯವು ಮಾತ್ರ ಕೆಟ್ಟಿತು. ಆ ಹತ್ಯೆಯು ನಡೆಯಲೇ ಇಲ್ಲವೆಂದು ವಾದಿಸುವ ಜನರು ಇಂದಿಗೂ ಉಂಟು. ಇಂತಹ ಒಂದೊಂದು ತಪ್ಪೂ ಅವರ ಕೈಗೆ ಕೊಟ್ಟ ಆಯುಧವೇ ಸರಿ.

ಇನ್ನೊಂದು ಸಂಶಯವು ನಮ್ಮನ್ನು ಇದಕ್ಕಿಂತಲೂ ಬಾಧಿಸುವುದು. ಪ್ರೇಮವೇ ಇವರನ್ನು ಬದುಕಿಸಿತೆಂದು ಓದುಗರು ನಂಬಿಬಿಟ್ಟರೆ, ಸತ್ತವರ ಪ್ರೇಮವು ಕಡಮೆಯಾಗಿತ್ತೆಂದು ಹೇಳಿದಂತಾಗಲಿಲ್ಲವೇ? ಮಕ್ಕಳನ್ನು ಎದೆಗವಚಿಕೊಂಡೇ ಮಡಿದ ತಾಯಂದಿರು ಅಲ್ಲಿ ಎಷ್ಟೋ ಮಂದಿ. ಲಾಲೆಯನ್ನು ಉಳಿಸಿದುದರಲ್ಲಿ ಅವನಿಗೆ ದೊರೆತ ಕೆಲಸವೂ ದೈವಯೋಗವೂ ದೊಡ್ಡವು. ಪ್ರೇಮವು ಅವನಿಗೆ ಬದುಕಬೇಕೆಂಬ ಹಂಬಲವನ್ನು ಕೊಟ್ಟಿತು, ಅದೇನೂ ಅಲ್ಪವಲ್ಲ.

"ಅನುರಾಗವು ನಿಜವಮ್ಮಾ, ಅತ್ತುದು ವ್ಯರ್ಥವಲ್ಲ, ಆದರೆ ಬದುಕಿ ಬಂದವರ ಸಾಕ್ಷ್ಯಗಳನ್ನೂ ಓದು" ಎಂದೆವು. ಆಕೆಯು ಮರುಮಾತನಾಡದೆ ಸೀಸದ ಕಡ್ಡಿಯನ್ನು ತಂದು, 34902 ಎಂದಿದ್ದ ಪುಟದ ಅಂಚಿನಲ್ಲಿ 4562 ಎಂದು ಬರೆದಿಟ್ಟಳು.