ಪವಿತ್ರ ಜಲದ ಬಾಟಲಿ ಸಾಕೇ?

ಬೇಸಿಗೆ ರಜೆ ಬಂತೆಂದರೆ ಅನೇಕ ಧರ್ಮಕೇಂದ್ರಗಳಿಂದ ವೇಳಾಂಕಣ್ಣಿಗೋ ಹಳೆಗೋವೆಗೋ ಬಸ್ಸುಗಳು ಹೊರಡುತ್ತವೆ. ಯಾತ್ರೆಯೂ ಆಯಿತು, ಕಡಲತೀರದಲ್ಲಿ ಮಕ್ಕಳೊಂದಿಗೆ ವಿಹಾರವೂ ಆಯಿತು. ಆದರೆ ಅಡಿಕೆ ಮರದಿಂದ ಬಿದ್ದೋ, ರಸ್ತೆ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯನ್ನು ಆಶ್ರಯಿಸಿದ ಸಹೋದರನ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ. “ಪಾಪ, ಅವನಿಗೇಕೆ ತೊಂದರೆ? ಪವಿತ್ರ ಜಲ ತಂದುಕೊಟ್ಟರಾಯಿತು” ಎಂಬುದು ನಮ್ಮ ಸಮಾಧಾನ. ಇದು ಕರುಣೆಯಲ್ಲ, ಕರುಣೆಯ ಉಡುಪು ತೊಟ್ಟ ಬಹಿಷ್ಕಾರ.

“ಔಷಧೋಪಚಾರ ಸಾಲದೇ, ವಿಹಾರವೂ ಬೇಕೇ?” ಎನ್ನುವವರಿದ್ದಾರೆ. ವರ್ಷವಿಡೀ ಅದೇ ನಾಲ್ಕು ಗೋಡೆಗಳನ್ನು ನೋಡುವವನಿಗಿಂತ ಕಡಲ ಗಾಳಿಯ ಅಗತ್ಯ ಇನ್ನಾರಿಗಿದೆ? ಅವನೊಂದಿಗೆ ಅವನ ಪತ್ನಿಯೋ ತಾಯಿಯೋ ಮನೆಯಲ್ಲೇ ಉಳಿಯುತ್ತಾಳೆಂಬುದನ್ನೂ ನಾವು ಮರೆಯುತ್ತೇವೆ. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿಯು ಪ್ರವಾಸದ ಸೌಲಭ್ಯವನ್ನೂ ವಿಕಲಚೇತನರ ಹಕ್ಕುಗಳಲ್ಲಿ ಸೇರಿಸಿದೆ. ಪ್ರವೇಶ ಸೌಲಭ್ಯದ ಕನಿಷ್ಠ ನಿಯಮಗಳು ಬರಿಯ ಸಲಹೆಗಳಾಗಿರದೆ ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಹೇಳಿತು. ಲೋಕದ ಕಾನೂನೇ ಇಷ್ಟು ಮುಂದೆ ಬಂದಿರುವಾಗ ಶುಭಸಂದೇಶವನ್ನು ಕೈಯಲ್ಲಿ ಹಿಡಿದ ನಾವು ಹಿಂದುಳಿಯುವುದೇ?

“ನಾಲ್ವರು ಯುವಕರು ಎತ್ತಿಕೊಂಡರಾಯಿತಲ್ಲ” ಎಂಬ ಮಾತೂ ಕೇಳಿಬರುತ್ತದೆ. ಬೆಳೆದ ಮನುಷ್ಯನನ್ನು ಮೆಟ್ಟಿಲು ಮೆಟ್ಟಿಲಿಗೂ ಮೂಟೆಯಂತೆ ಎತ್ತುವುದು ಅವನ ಘನತೆಗೆ ಕುಂದು, ದೇಹಕ್ಕೆ ಅಪಾಯ. ಸಂತ ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತಂದರು, ನಿಜ. ಆದರೆ ಜನಸಂದಣಿ ಅಡ್ಡವಾದಾಗ ಅವರು ಅವನನ್ನು ಮರಳಿ ಮನೆಗೆ ಒಯ್ಯಲಿಲ್ಲ, ಛಾವಣಿಯನ್ನೇ ತೆರೆದರು. ಕಟ್ಟಡಕ್ಕಿಂತ ಮನುಷ್ಯ ದೊಡ್ಡವನೆಂದು ಅವರು ಅರಿತಿದ್ದರು. ಪ್ರಭು ಯೇಸು ಕಂಡದ್ದು ಆ ವಿಶ್ವಾಸವನ್ನು.

ನಾವು ಛಾವಣಿ ಒಡೆಯಬೇಕಾಗಿಲ್ಲ. ಒಂದು ಅಡಿ ಎತ್ತರದ ಮೆಟ್ಟಿಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು, ಗಾಲಿಕುರ್ಚಿ ನುಗ್ಗುವಂತೆ ಸುಮಾರು 90 ಸೆಂಟಿಮೀಟರ್ ಅಗಲದ ಬಾಗಿಲು, ಒಳಗೆ ಕುರ್ಚಿ ತಿರುಗಿಸಲು ಸ್ಥಳವಿರುವ ಶುಚಿಯಾದ ಶೌಚಾಲಯ: ಬೇಕಾದುದು ಇಷ್ಟೇ. ಸ್ಪರ್ಶಜ್ಞಾನ ಇಲ್ಲದವನು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತರೆ ಅರಿವಿಲ್ಲದೆಯೇ ಹುಣ್ಣಾಗುತ್ತದೆ. ಆದುದರಿಂದ ಆಗಾಗ ದೇಹದ ಭಾರವನ್ನು ಬದಲಿಸಲು ನೆರವಾಗಬೇಕು. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರು ಸರಿಯಾಗಿ ಬೆವರಲಾರರು. ಅವರಿಗೆ ಮೇ ತಿಂಗಳ ಬಿಸಿಲು ಅಪಾಯಕರ. ಹಾಗಾದರೆ ಯಾತ್ರೆಯನ್ನು ಕ್ರಿಸ್ಮಸ್ ರಜೆಯಲ್ಲೇ ಇಟ್ಟುಕೊಳ್ಳಬಾರದೇಕೆ?

ಇದು ಅಸಾಧ್ಯವೆನ್ನುವವರು ಫ್ರಾನ್ಸಿನ ಲೂರ್ದು ಪುಣ್ಯಕ್ಷೇತ್ರವನ್ನು ನೆನೆಯಲಿ. ಅಲ್ಲಿ ಗಾಲಿಕುರ್ಚಿಯಲ್ಲಿ ಬಂದವರಿಗೆ ಮುಂದಿನ ಸಾಲಿನಲ್ಲೇ ಸ್ಥಾನ. ಅವರ ಸೇವೆಗೆಂದೇ ಸ್ವಯಂಸೇವಕರು ದೂರದೂರದಿಂದ ಬರುತ್ತಾರೆ.

ಆದುದರಿಂದ ಪಾಲನಾ ಮಂಡಳಿಗಳು ಬಸ್ಸಿಗೂ ವಸತಿಗೃಹಕ್ಕೂ ಮುಂಗಡ ಹಣ ಕಟ್ಟುವ ಮುನ್ನ ಗಾಲಿಕುರ್ಚಿಯ ಆ ಸಹೋದರನನ್ನೇ ಕೇಳಲಿ: “ನಿಮಗೆ ಏನೇನು ಬೇಕು?” ವಸತಿಗೃಹದಲ್ಲಿ ಅನುಕೂಲವಿಲ್ಲದಿದ್ದರೆ ಬೇರೊಂದನ್ನು ಹುಡುಕಲಿ. ಹೆಚ್ಚಿನ ಖರ್ಚನ್ನು ಎಲ್ಲ ಕುಟುಂಬಗಳೂ ಹಂಚಿಕೊಳ್ಳಲಿ. ಔತಣಕ್ಕೆ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಆಹ್ವಾನಿಸಬೇಕೆಂದು ಪ್ರಭು ಬೋಧಿಸಿದರು. ಔತಣ ಮುಗಿದ ಮೇಲೆ ಉಳಿದುದನ್ನು ಅವರ ಮನೆಗೆ ಕಳುಹಿಸಬೇಕೆಂದು ಬೋಧಿಸಲಿಲ್ಲ.