ಅಂಕಣವೂ ಗ್ರಂಥಾಲಯವೂ

ಟೆನಿಸ್ ಪಂದ್ಯಾವಳಿಯ ಲೆಕ್ಕ ಬಹು ಸರಳವಾದುದು. ವಿಂಬಲ್ಡನ್ನಿನ ಸಿಂಗಲ್ಸ್ ವಿಭಾಗದಲ್ಲಿ 128 ಆಟಗಾರರು ಕಣಕ್ಕಿಳಿಯುತ್ತಾರೆ. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಅವರಲ್ಲಿ 64 ಮಂದಿ ಗಂಟುಮೂಟೆ ಕಟ್ಟಿರುತ್ತಾರೆ. ಹೀಗೆ ಸುತ್ತಿನಿಂದ ಸುತ್ತಿಗೆ ಸಂಖ್ಯೆ ಅರ್ಧಕ್ಕಿಳಿಯುತ್ತ ಹೋಗಿ, ಏಳನೆಯ ಸುತ್ತಿನ ಕೊನೆಗೆ ಗೆದ್ದವನೆಂದು ಉಳಿಯುವವನು ಒಬ್ಬನೇ. ಮಿಕ್ಕ 127 ಮಂದಿಯೂ ಸೋತವರೇ. ಮರುದಿನದ ಪತ್ರಿಕೆಯಲ್ಲಿ ಗೆದ್ದವನ ಚಿತ್ರ ಅಚ್ಚಾಗುತ್ತದೆ. ಸೋತವರೂ ಅವನಂತೆಯೇ ಎಳೆಯ ವಯಸ್ಸಿನಲ್ಲಿ ರ್‍ಯಾಕೆಟ್ ಹಿಡಿದವರು, ಬೆಳಗಿನ ಸವಿನಿದ್ದೆಯನ್ನು ಅದಕ್ಕಾಗಿ ತೊರೆದವರು ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಆ 128ರ ಪಟ್ಟಿಯನ್ನು ಮುಟ್ಟಲಾರದೆ ನಡುದಾರಿಯಲ್ಲಿ ನಿಂತವರಂತೂ ಲೆಕ್ಕಕ್ಕೇ ಸಿಕ್ಕುವುದಿಲ್ಲ.

ಈ ಲೆಕ್ಕವನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಹದಿನೈದು ಹದಿನೆಂಟರ ಹರೆಯದ ಆಟಗಾರರು ರಾಷ್ಟ್ರೀಯ ಪಂದ್ಯಾವಳಿಗಳಲ್ಲಿಯೂ ವೃತ್ತಿಪರರ ಪಂದ್ಯಾವಳಿಗಳಲ್ಲಿಯೂ ಹಿರಿಯರೊಡನೆ ಸೆಣಸುವ ಕಾಲವಿದು. ಅಂಥವರು ತಮ್ಮ ಓದನ್ನು ಏನು ಮಾಡಬೇಕು? ಆಟಕ್ಕಾಗಿ ಅದನ್ನು ಬಿಡಬೇಕೆ, ಇಲ್ಲವೆ ಎರಡನ್ನೂ ಜೊತೆಯಲ್ಲಿ ಸಾಗಿಸಬೇಕೆ?

ಬಿಡಬೇಕೆನ್ನುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಅವರು ಕೇಳುತ್ತಾರೆ. ಟೆನಿಸ್ ದೇಹವನ್ನೂ ಮನಸ್ಸನ್ನೂ ಪೂರ್ತಿಯಾಗಿ ಬೇಡುವ ಆಟ. ಚೆಂಡನ್ನು ಎಸೆದು ಹೊಡೆಯುವ ಒಂದು ಸರ್ವನ್ನು ಸಾಧಿಸಲು ವರ್ಷಗಟ್ಟಲೆ ದುಡಿಯಬೇಕು. ಹೀಗಿರುವಾಗ ಪಠ್ಯಪುಸ್ತಕ ಒಂದು ಕಡೆ, ಪಂದ್ಯಾವಳಿ ಇನ್ನೊಂದು ಕಡೆ ಎಳೆದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿ ಗಾಡಿ ಮುಂದೆ ಸಾಗುವುದೇ ಇಲ್ಲವೆಂಬುದು ಅವರ ಅಂಜಿಕೆ. ಈ ಅಂಜಿಕೆಗೆ ಉತ್ತರವನ್ನು ಉಪದೇಶದಲ್ಲಿ ಹುಡುಕಿ ಫಲವಿಲ್ಲ. ಆಟಗಾರರ ಬದುಕಿನಲ್ಲಿಯೇ ಹುಡುಕಬೇಕು.

ಮೊದಲು ವೃತ್ತಿಪರ ಟೆನಿಸ್ಸಿನ ಕೆಳಗಿನ ಮೆಟ್ಟಿಲನ್ನು ಗಮನಿಸುವುದು ಒಳ್ಳೆಯದು. ದೂರದರ್ಶನದಲ್ಲಿ ಕಾಣುವುದು ಮೇಲಿನ ಮೆಟ್ಟಿಲು ಮಾತ್ರ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಪುರುಷರ ಸಣ್ಣ ಪಂದ್ಯಾವಳಿಗಳಲ್ಲಿ 2023ರಲ್ಲಿ ಒಟ್ಟು ಬಹುಮಾನದ ಮೊತ್ತವೇ 15,000 ಇಲ್ಲವೆ 25,000 ಡಾಲರು ಇತ್ತು. ಕರ್ನಾಟಕದಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ 2023ರಲ್ಲಿ ನಡೆದವು ಈ ಬಗೆಯವು. ಇಷ್ಟು ಹಣ ಸಿಂಗಲ್ಸ್, ಡಬಲ್ಸ್ ಎಂಬ ಎರಡು ವಿಭಾಗಗಳ ಆಟಗಾರರೆಲ್ಲರಿಗೂ ಹಂಚಿಹೋಗಬೇಕು. ಮೊದಲ ಸುತ್ತಿನಲ್ಲಿ ಸೋತವನಿಗೆ ದೊರೆಯುವ ಪಾಲಿನಿಂದ ಅವನ ಪ್ರಯಾಣದ ವೆಚ್ಚವೂ ಹುಟ್ಟುವುದಿಲ್ಲ. ತರಬೇತುದಾರನ ಸಂಬಳ, ವಸತಿ, ಊಟ, ರ್‍ಯಾಕೆಟ್ಟಿಗೆ ಬಿಗಿಸುವ ತಂತಿ, ಎಲ್ಲವನ್ನೂ ತಂದೆತಾಯಿಗಳೇ ಭರಿಸಬೇಕು. ಓದನ್ನೂ ಬಿಟ್ಟು ಈ ಮೆಟ್ಟಿಲಿನಲ್ಲಿ ನಾಲ್ಕಾರು ವರ್ಷ ನಿಂತ ಯುವಕನಿಗೆ ಮೊಣಕಾಲಿನ ಒಂದು ನೋವು ಬಂದರೂ ಸಾಕು, ಬದುಕಿನ ದಾರಿಯೇ ಮುಚ್ಚಿದಂತಾಗುತ್ತದೆ.

ಅಮೆರಿಕ ದೇಶವು ಈ ಸಮಸ್ಯೆಗೆ ತನ್ನದೇ ಆದ ಒಂದು ಪರಿಹಾರವನ್ನು ಕಂಡುಕೊಂಡಿದೆ. ಅಲ್ಲಿ ಹದಿನೆಂಟು ವರ್ಷದೊಳಗಿನ ಹುಡುಗರ ರಾಷ್ಟ್ರೀಯ ಪಂದ್ಯಾವಳಿ ಮಿಷಿಗನ್ ರಾಜ್ಯದ ಕ್ಯಾಲಮಜೂ ಎಂಬ ಊರಿನಲ್ಲಿ ನಡೆಯುತ್ತದೆ. ಅದರಲ್ಲಿ ಗೆದ್ದವನಿಗೆ ಅಮೆರಿಕನ್ ಓಪನ್ ಪಂದ್ಯಾವಳಿಯಲ್ಲಿ ನೇರವಾಗಿ ಆಡುವ ಅವಕಾಶ ದೊರೆಯುತ್ತದೆ. ಆದರೆ ಅಲ್ಲಿನ ಅನೇಕ ಕಿರಿಯರು ಆಮೇಲೆ ಹಿಡಿಯುವುದು ಕಾಲೇಜಿನ ದಾರಿಯನ್ನು. ವಿಶ್ವವಿದ್ಯಾಲಯಗಳು ಅವರಿಗೆ ವಿದ್ಯಾರ್ಥಿವೇತನ, ತರಬೇತಿ, ಅಂಕಣ, ವೈದ್ಯರ ನೆರವು ಎಲ್ಲವನ್ನೂ ಒದಗಿಸುತ್ತವೆ. ಎರಡು ಕಾಲೇಜುಗಳು ಎದುರಾದಾಗ ಆರು ಸಿಂಗಲ್ಸ್, ಮೂರು ಡಬಲ್ಸ್ ಪಂದ್ಯಗಳು ಏರ್ಪಡುತ್ತವೆ. ಒಟ್ಟು ಏಳು ಅಂಕಗಳಲ್ಲಿ ನಾಲ್ಕನ್ನು ಗಳಿಸಿದ ತಂಡ ಗೆಲ್ಲುತ್ತದೆ. ಒಬ್ಬಂಟಿಯಾಗಿ ಆಡಿ ಒಬ್ಬಂಟಿಯಾಗಿ ಸೋಲುವ ಈ ಆಟದಲ್ಲಿ, ಗೆಳೆಯನ ಗೆಲುವಿಗಾಗಿ ಕೂಗುವ ಸುಖವನ್ನು ಯುವಕರು ಅಲ್ಲಿ ಕಲಿಯುತ್ತಾರೆ.

ಈ ದಾರಿಯಲ್ಲಿ ನಡೆದವರ ಪೈಕಿ ಆರ್ಥರ್ ಆಶ್ ಮುಖ್ಯನಾದವನು. ವರ್ಜೀನಿಯಾ ರಾಜ್ಯದ ರಿಚ್ಮಂಡ್ ಅವನ ಊರು. ಕರಿಯರಿಗೆಂದೇ ಮೀಸಲಾದ ಒಂದು ಉದ್ಯಾನದ ಮೇಲ್ವಿಚಾರಕ ಅವನ ತಂದೆ. ಬಿಳಿಯರ ಉದ್ಯಾನಗಳಲ್ಲಿ ಆಡಲು ಆ ಬಾಲಕನಿಗೆ ಅನುಮತಿಯಿರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆ ವಿದ್ಯಾರ್ಥಿವೇತನವನ್ನು ಕೊಟ್ಟು ಅವನನ್ನು ಕರೆದುಕೊಂಡಿತು. 1965ರಲ್ಲಿ ಅವನು ಅಂತರಕಾಲೇಜು ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದ, 1966ರಲ್ಲಿ ಪದವೀಧರನಾದ, ಅನಂತರ ಸೈನ್ಯದಲ್ಲಿ ಅಧಿಕಾರಿಯಾದ. 1968ರಲ್ಲಿ ವೃತ್ತಿಪರರಿಗೂ ಹವ್ಯಾಸಿಗಳಿಗೂ ಒಟ್ಟಿಗೆ ಬಾಗಿಲು ತೆರೆದ ಮೊದಲ ಅಮೆರಿಕನ್ ಓಪನ್ ನಡೆದಾಗ, ಇನ್ನೂ ಹವ್ಯಾಸಿಯಾಗಿಯೇ ಇದ್ದ ಆಶ್ ಅದನ್ನು ಗೆದ್ದುಕೊಂಡ.

ಆದರೆ ಗೆದ್ದವನಿಗೆ ಮೀಸಲಾಗಿದ್ದ 14,000 ಡಾಲರುಗಳು ಆಶ್‌ನ ಕೈ ಸೇರಲಿಲ್ಲ. ಹವ್ಯಾಸಿಯು ಬಹುಮಾನದ ಹಣವನ್ನು ಮುಟ್ಟಬಾರದೆಂಬ ನಿಯಮವಿದ್ದುದರಿಂದ, ಆ ಮೊತ್ತ ಅವನಿಗೆ ಸೋತ ಹಾಲೆಂಡಿನ ಟಾಮ್ ಓಕರ್‌ನ ಪಾಲಾಯಿತು. ಇಂಥ ನಿಯಮಗಳು ಆ ಕಾಲಕ್ಕೇ ಮುಗಿಯಲಿಲ್ಲ. 2021ರ ಅಮೆರಿಕನ್ ಓಪನ್ನಿನಲ್ಲಿ ಸುಮಾರು 49,000 ಡಾಲರುಗಳನ್ನು ಗಳಿಸಿದ ಹುಡುಗಿಯೊಬ್ಬಳು ಕಾಲೇಜು ತಂಡದಲ್ಲಿ ಆಡಬೇಕಾದರೆ ಅದರಲ್ಲಿ ಬಹುಪಾಲನ್ನು ಬಿಟ್ಟುಕೊಡಬೇಕಾಯಿತು. 2024ರಲ್ಲಿ ಅವಳು ಈ ನಿಯಮದ ವಿರುದ್ಧ ನ್ಯಾಯಾಲಯದ ಮೊರೆಹೊಕ್ಕಳು. ಅವಳ ದೂರು ನ್ಯಾಯವಾದುದು. ವಿದ್ಯಾರ್ಥಿಯಾದವನು ಬೆವರು ಸುರಿಸಿ ದುಡಿದದ್ದನ್ನು ಮುಟ್ಟಬಾರದೆಂದರೆ, ಅದು ವಿದ್ಯೆಗೆ ತೋರಿದ ಗೌರವವಾಗದು. ವಿದ್ಯೆಯ ಹೆಸರಿನಲ್ಲಿ ವಿಧಿಸಿದ ದಂಡವಾಗುತ್ತದೆ. ಅಮೆರಿಕದ ವ್ಯವಸ್ಥೆಯನ್ನು ಮೆಚ್ಚುವವರು ಅದರ ಈ ಕೊರತೆಯನ್ನೂ ಮರೆಯಬಾರದು.

ಆಶ್‌ನ ಬದುಕಿನ ಇನ್ನೊಂದು ಸಂಗತಿ ಇದಕ್ಕಿಂತ ಮಹತ್ತ್ವದ್ದು. 1975ರಲ್ಲಿ ವಿಂಬಲ್ಡನ್ ಗೆದ್ದು ಕೀರ್ತಿಯ ಶಿಖರವನ್ನೇರಿದ್ದ ಅವನು, 1977ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕರಿಯ ತಂದೆತಾಯಿಗಳಿಗೆ ಒಂದು ಬಹಿರಂಗ ಪತ್ರವನ್ನು ಬರೆದ. ಮಕ್ಕಳನ್ನು ಗ್ರಂಥಾಲಯಗಳಿಗೆ ಕಳುಹಿಸಿರಿ ಎಂಬುದು ಅದರ ತಿರುಳು. ಆಟದಿಂದ ಜೀವನ ಸಾಗಿಸಬಲ್ಲವರು ಬೆರಳೆಣಿಕೆಯ ಮಂದಿ. ಮಿಕ್ಕವರನ್ನು ಕಾಯುವುದು ಓದು ಎಂಬುದು ಅವನ ಕಳಕಳಿ. ಆಟದಲ್ಲಿ ಸೋತವನು ಈ ಮಾತನ್ನು ಆಡಿದ್ದರೆ ಜನ ಅದನ್ನು ಸಮಾಧಾನದ ಮಾತೆಂದು ತಳ್ಳಿಹಾಕುತ್ತಿದ್ದರೇನೋ. ಆಟದಲ್ಲಿ ಗೆಲ್ಲಬಹುದಾದ ದೊಡ್ಡ ಪ್ರಶಸ್ತಿಯನ್ನೇ ಗೆದ್ದವನು ಆಡಿದುದರಿಂದ ಅದಕ್ಕೊಂದು ತೂಕ ಬಂದಿತು.

ಆಶ್ ಹುಟ್ಟಿದ ವರ್ಜೀನಿಯಾ ರಾಜ್ಯಕ್ಕೇ ಮುಂದೊಂದು ದಿನ ಭಾರತದ ತರುಣನೊಬ್ಬ ಓದಲು ಹೋದ. ಗುವಾಹಟಿಯಲ್ಲಿ ಹುಟ್ಟಿದ ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ವಿದ್ಯಾರ್ಥಿಯಾಗಿದ್ದ. 2006ರಲ್ಲಿ ಅಂತರಕಾಲೇಜು ಸಿಂಗಲ್ಸ್ ಪಂದ್ಯಾವಳಿಯ ಅಂತಿಮ ಸುತ್ತಿಗೆ ಬಂದು ಸೋತ. ಸೋತವನಿಗೆ ಮರುದಿನ ಹೋಗಲು ತರಗತಿಯಿತ್ತು, ಮರುವರ್ಷ ಆಡಲು ತಂಡವಿತ್ತು. 2007ರಲ್ಲಿ ಜಾನ್ ಇಸ್ನರ್‌ನನ್ನು ಸೋಲಿಸಿ ಪ್ರಶಸ್ತಿಯನ್ನು ಪಡೆದ. 2008ರಲ್ಲಿ ಮತ್ತೆ ಗೆದ್ದು, ಪದವಿಯನ್ನೂ ಮುಗಿಸಿದ. ಅನಂತರವೇ ವೃತ್ತಿಪರ ಆಟಕ್ಕಿಳಿದ ಅವನು 2009ರ ಚೆನ್ನೈ ಓಪನ್ನಿನ ಅಂತಿಮ ಸುತ್ತನ್ನು ತಲುಪಿದ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿಯೂ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿಯೂ ಸಿಂಗಲ್ಸ್ ಚಿನ್ನದ ಪದಕಗಳನ್ನು ದೇಶಕ್ಕೆ ತಂದುಕೊಟ್ಟ.

ಕಾಲೇಜಿನ ವರ್ಷಗಳು ಆಟಗಾರನ ಪಾಲಿಗೆ ನಷ್ಟವೆಂಬ ಮಾತು ಇಂಥ ನಿದರ್ಶನಗಳ ಮುಂದೆ ನಿಲ್ಲುವುದಿಲ್ಲ. ಸೋಮದೇವನಿಗೆ ಸೋತ ಇಸ್ನರ್ ಜಾರ್ಜಿಯಾ ವಿಶ್ವವಿದ್ಯಾಲಯದವನು. ಅವನ ಸಮಕಾಲೀನನಾದ ದಕ್ಷಿಣ ಆಫ್ರಿಕದ ಕೆವಿನ್ ಆ್ಯಂಡರ್ಸನ್ ಇಲಿನಾಯ್ ವಿಶ್ವವಿದ್ಯಾಲಯದವನು. ವಿದ್ಯಾರ್ಥಿಗಳಾಗಿ ತಮ್ಮ ತಮ್ಮ ಕಾಲೇಜುಗಳ ಪರವಾಗಿ ಸೆಣಸಿದ ಇವರಿಬ್ಬರೇ 2018ರ ವಿಂಬಲ್ಡನ್ ಸೆಮಿಫೈನಲ್ಲಿನಲ್ಲಿ ಎದುರಾಗಿ ಆರೂವರೆ ಗಂಟೆಗೂ ಹೆಚ್ಚು ಕಾಲ ಹೋರಾಡಿದರು. ಬೆನ್ ಶೆಲ್ಟನ್ 2022ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಅಂತರಕಾಲೇಜು ಪ್ರಶಸ್ತಿಯನ್ನು ಗೆದ್ದವನು. ಮರುವರ್ಷದ ಆರಂಭದಲ್ಲಿ ಅಮೆರಿಕದಿಂದ ಹೊರಗೆ ಮೊದಲ ಬಾರಿಗೆ ಕಾಲಿಟ್ಟು, ಆಸ್ಟ್ರೇಲಿಯನ್ ಓಪನ್ನಿನ ಎಂಟರ ಘಟ್ಟವನ್ನು ಮುಟ್ಟಿದ. ಪುರುಷ ವೃತ್ತಿಪರರ ಸಂಘವೂ ಈ ದಾರಿಯನ್ನು ಮನ್ನಿಸಿ, 2023ರಲ್ಲಿ ಅಮೆರಿಕದ ಅಗ್ರ ಇಪ್ಪತ್ತು ಕಾಲೇಜು ಆಟಗಾರರಿಗೆ ಚಾಲೆಂಜರ್ ಪಂದ್ಯಾವಳಿಗಳಲ್ಲಿ ಸ್ಥಾನ ದೊರೆಯುವಂತೆ ಒಂದು ಯೋಜನೆಯನ್ನು ಹಾಕಿಕೊಂಡಿತು.

ಇದಕ್ಕೆ ಬದಲಾಗಿ ಅವಸರದ ದಾರಿ ಎಲ್ಲಿಗೆ ಒಯ್ಯಬಹುದೆಂಬುದನ್ನು ಜೆನಿಫರ್ ಕೆಪ್ರಿಯಾಟಿಯ ಕಥೆ ತೋರಿಸುತ್ತದೆ. 1990ರಲ್ಲಿ, ಇನ್ನೂ ಹದಿನಾಲ್ಕು ತುಂಬುವ ಮೊದಲೇ ಅವಳು ವೃತ್ತಿಪರಳಾದಳು. ಆ ವರ್ಷವೇ ಫ್ರೆಂಚ್ ಓಪನ್ನಿನ ಸೆಮಿಫೈನಲ್, 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನ ಚಿನ್ನ. ಲೋಕವೆಲ್ಲ ಹೊಗಳಿತು. ಆದರೆ 1993ರಲ್ಲಿ, ಹದಿನೇಳರ ಪ್ರಾಯದಲ್ಲಿ, ಅವಳು ಆಟವನ್ನೇ ತೊರೆದು ದೂರ ಸರಿದಳು. ಎಳೆಯ ಹೆಗಲು ಹೊರಲಾರದ ಭಾರ ಅವಳ ಮೇಲೆ ಬಿದ್ದಿತ್ತು. ಕಷ್ಟದ ವರ್ಷಗಳನ್ನು ದಾಟಿ ಹಿಂತಿರುಗಿದ ಅವಳು 2001ರಲ್ಲಿ ಆಸ್ಟ್ರೇಲಿಯನ್ ಮತ್ತು ಫ್ರೆಂಚ್ ಪ್ರಶಸ್ತಿಗಳನ್ನು ಗೆದ್ದಳೆಂಬುದು ಅವಳ ಧೈರ್ಯಕ್ಕೆ ಸಾಕ್ಷಿ. ಎಳೆಯರ ಮೇಲೆ ಬೀಳುತ್ತಿದ್ದ ಇಂಥ ಭಾರವನ್ನು ಕಂಡ ಮಹಿಳಾ ಟೆನಿಸ್ ಸಂಘವು, ಹದಿನೆಂಟು ತುಂಬದ ಹುಡುಗಿಯರು ವರ್ಷಕ್ಕೆ ಇಷ್ಟೇ ಪಂದ್ಯಾವಳಿಗಳಲ್ಲಿ ಆಡಬೇಕೆಂಬ ಮಿತಿಯನ್ನು 1995ರಿಂದ ಜಾರಿಗೆ ತಂದಿತು.

ಆದರೂ ಎಲ್ಲರೂ ಕಾಲೇಜಿಗೆ ಹೋಗಿಯೇ ಆಡಬೇಕೆಂದು ವಾದಿಸುವುದು ಹಟವಾದೀತು. ಕೋಕೊ ಗಾಫ್ 2019ರಲ್ಲಿ ಹದಿನೈದರ ವಯಸ್ಸಿನಲ್ಲಿಯೇ ವಿಂಬಲ್ಡನ್ನಿಗೆ ಅರ್ಹತೆ ಗಳಿಸಿ, ಮೊದಲ ಸುತ್ತಿನಲ್ಲಿಯೇ ವೀನಸ್ ವಿಲಿಯಮ್ಸ್‌ಳನ್ನು ಸೋಲಿಸಿದಳು. 2023ರ ಅಮೆರಿಕನ್ ಓಪನ್ನನ್ನೂ 2025ರ ಫ್ರೆಂಚ್ ಓಪನ್ನನ್ನೂ ಗೆದ್ದಳು. ಅಂಥ ಪ್ರತಿಭೆಯನ್ನು ಕಾಯಿಸುವುದು ಸರಿಯಲ್ಲ. ಆದರೆ ಆ ವಿಂಬಲ್ಡನ್ನಿನ ಅರ್ಹತಾ ಸುತ್ತುಗಳ ನಡುವೆಯೇ ಒಂದು ರಾತ್ರಿ ಅವಳು ತನ್ನ ಶಾಲೆಯ ವಿಜ್ಞಾನ ಪರೀಕ್ಷೆಯನ್ನು ಬರೆದಳೆಂಬುದನ್ನೂ ಗಮನಿಸಬೇಕು. ದಾರಿ ಯಾವುದೇ ಆಗಲಿ, ಪುಸ್ತಕವನ್ನು ಕೈಬಿಡದಿರುವುದು ಮುಖ್ಯ.

ಭಾರತದಲ್ಲಿ ಈ ಎರಡೂ ದಾರಿಗಳು ಇನ್ನೂ ಇಕ್ಕಟ್ಟಾಗಿವೆ. ವಿಶ್ವವಿದ್ಯಾಲಯಗಳ ನಡುವಣ ಪಂದ್ಯಗಳು ನಡೆಯುತ್ತವೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಟೆನಿಸ್ಸೂ ಇತ್ತು. ಆದರೆ ಕೆಲವು ದಿನಗಳ ಕೂಟ ಬೇರೆ, ವರ್ಷವಿಡೀ ಆಟಗಾರನನ್ನು ಸಾಕಿ ಬೆಳೆಸುವ ವ್ಯವಸ್ಥೆ ಬೇರೆ. ಸೋಮದೇವನಂಥವರು ಸಾವಿರಾರು ಮೈಲಿ ದೂರ ಹೋಗಬೇಕಾದುದು ಇದಕ್ಕಾಗಿಯೇ. ಹಾಗೆ ಹೋಗಲಾರದ ಮಕ್ಕಳು ಹತ್ತನೆಯ ತರಗತಿಯ ಹೊಸ್ತಿಲಲ್ಲಿಯೇ ಇದೋ ಅದೋ ಎಂದು ಆರಿಸಬೇಕಾಗಿದೆ. ಪಂದ್ಯಾವಳಿಯ ದಿನವೇ ಪರೀಕ್ಷೆ ಬಂದರೆ ಬೇರೊಂದು ದಿನ ಬರೆಯಲು ಅವಕಾಶ, ದೇಶಕ್ಕಾಗಿಯೋ ರಾಜ್ಯಕ್ಕಾಗಿಯೋ ಆಡಿದ ದಿನಗಳಿಗೆ ಹಾಜರಾತಿ, ತಪ್ಪಿದ ಪಾಠಗಳನ್ನು ಹೇಳಿಕೊಡುವ ಒಬ್ಬ ಅಧ್ಯಾಪಕ, ಆಟಗಾರರಿಗೆ ವಿದ್ಯಾರ್ಥಿವೇತನ ಕೊಡುವ ಕೆಲವಾದರೂ ಕಾಲೇಜುಗಳು: ಇಷ್ಟನ್ನು ಒದಗಿಸುವುದು ಅಸಾಧ್ಯವೇನಲ್ಲ.

ತಂದೆತಾಯಿಗಳಿಗೂ ತಾಳ್ಮೆ ಬೇಕು. ಕೊಡಗಿನ ಕಾಫಿ ಬೆಳೆಗಾರರ ಮಗ ರೋಹನ್ ಬೋಪಣ್ಣ ಹನ್ನೊಂದನೆಯ ವಯಸ್ಸಿನಲ್ಲಿ ಟೆನಿಸ್ ಕಲಿಯತೊಡಗಿದವರು. 2017ರಲ್ಲಿ ಫ್ರೆಂಚ್ ಓಪನ್ನಿನ ಮಿಶ್ರ ಡಬಲ್ಸ್ ಪ್ರಶಸ್ತಿ ದೊರೆತಾಗ ಅವರಿಗೆ ಮೂವತ್ತೇಳು. 2024ರಲ್ಲಿ ಆಸ್ಟ್ರೇಲಿಯನ್ ಓಪನ್ನಿನ ಪುರುಷರ ಡಬಲ್ಸ್ ಗೆದ್ದು, ಲೋಕದಲ್ಲೇ ಮೊದಲ ಶ್ರೇಯಾಂಕವನ್ನು ಪಡೆದಾಗ ನಲವತ್ತಮೂರು. ಹದಿನೈದರಲ್ಲಿ ಫಲ ಕಾಣಲಿಲ್ಲವೆಂದು ಗಿಡವನ್ನು ಕಿತ್ತು ನೋಡುವವರು ಇದನ್ನು ನೆನೆಯಬೇಕು.

ಓದು ಆಟಗಾರನಿಗೆ ಕೊಡುವ ದೊಡ್ಡ ವರವೆಂದರೆ ನಿರ್ಭಯ. ಈ ಒಂದು ಪಂದ್ಯವನ್ನು ಸೋತರೆ ತನಗೆ ಬೇರೇನೂ ಇಲ್ಲವೆಂದು ತಿಳಿದವನ ಕೈ ನಡುಗುತ್ತದೆ. ಸೋತರೂ ತನಗೊಂದು ಬದುಕುಂಟೆಂದು ಬಲ್ಲವನು ಮನಸ್ಸಿಟ್ಟು ಆಡಬಲ್ಲ. ಗೆದ್ದರೆ ಬೀಗದೆ, ಸೋತರೆ ಕುಗ್ಗದೆ ಅಂಕಣದಿಂದ ಹೊರಬರಬಲ್ಲ. 128 ಮಂದಿಯಲ್ಲಿ ಒಬ್ಬನಿಗಾಗಿ ಮಾತ್ರ ದುಡಿಯುವ ವ್ಯವಸ್ಥೆ ಆಟವನ್ನು ಬೆಳೆಸಬಹುದು. ಮಿಕ್ಕ 127 ಮಂದಿಯ ನಾಳೆಯನ್ನೂ ನೆನೆಯುವ ವ್ಯವಸ್ಥೆ ಮನುಷ್ಯರನ್ನು ಬೆಳೆಸುತ್ತದೆ. ಆಟಗಾರನ ಚೀಲದಲ್ಲಿ ರ್‍ಯಾಕೆಟ್ಟಿನ ಪಕ್ಕದಲ್ಲಿಯೇ ಪುಸ್ತಕಕ್ಕೂ ಸ್ಥಳವಿರುವಂತೆ ನೋಡಿಕೊಳ್ಳುವುದು ಮನೆಯ, ಶಾಲೆಯ ಹಾಗೂ ಸಮಾಜದ ಹೊಣೆ.