ಊರಿನ ಹೆಸರು ಕೆಡಿಸದೆ ಪರಿಚಯ ಬೆಳೆಸೋಣ: ಕನಕಗಿರಿ ಸೀಮೆಯ ಪ್ರಣಾಳಿಕೆ

ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಮೊಬೈಲನ್ನೇ ಅಂಗಡಿ ಮಾಡಿಕೊಂಡು ದುಡಿಯುವವರು ನಾವು. ಕಿನ್ನಾಳದಲ್ಲಿ ಗೊಂಬೆ ಮಾಡುವವರು, ದೋಟಿಹಾಳದ ಮಗ್ಗದವರು, ಗಂಗಾವತಿ, ಕಾರಟಗಿಯ ಅಕ್ಕಿ ವ್ಯಾಪಾರಿಗಳು, ಭಾಗ್ಯನಗರದ ಕೂದಲು ಉದ್ಯಮದವರು, ಕುಷ್ಟಗಿಯ ದಾಳಿಂಬೆ ಬೆಳೆಗಾರರು, ಡಿಗ್ರಿ ಮುಗಿಸಿ ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುವ ತರುಣ ತರುಣಿಯರು ನಮ್ಮಲ್ಲಿದ್ದಾರೆ. ಗುರುತಿಲ್ಲದವರಿಗೆ ಬರೆಯದೆ ನಮ್ಮ ಬದುಕು ಸಾಗದು. ಅದಕ್ಕೇ, ಹೇಗೆ ಬರೆಯಬೇಕೆಂದು ನಾವೇ ಕೂಡಿ ಕಟ್ಟಳೆ ಹಾಕಿಕೊಂಡು ಈ ಚಳವಳಿಯನ್ನು ಆರಂಭಿಸುತ್ತಿದ್ದೇವೆ.

ನಾವು ಕಾಣುತ್ತಿರುವುದು

ಎಲ್ಲಿಂದಲೋ ನಂಬರ್ ಸಿಗುತ್ತದೆ. ಕೇಳದೆ ಗ್ರೂಪಿಗೆ ಸೇರಿಸುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಇಪ್ಪತ್ತು ಫೋಟೊ, ದರಪಟ್ಟಿ, ಜತೆಗೊಂದು ಶುಭೋದಯ. ಉತ್ತರ ಬರದಿದ್ದರೆ ಮರುದಿನ ಅದೇ ಸಂದೇಶ, ಮಧ್ಯಾಹ್ನಕ್ಕೆ ಕರೆ. ಕೆಲಸ ಹುಡುಕುವ ಹುಡುಗ ಒಂದೇ ಒಕ್ಕಣೆಯನ್ನು ಇನ್ನೂರು ನೇಮಕಾತಿ ಅಧಿಕಾರಿಗಳಿಗೆ ಕಳಿಸುತ್ತಾನೆ. ಭಾನಾಪುರದ ಆಟಿಕೆ ಕ್ಲಸ್ಟರ್‌ಗೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೂ ಅದೇ ಅರ್ಜಿ. ‘ಐದು ಸಾವಿರ ನಂಬರ್ ಕೊಡುತ್ತೇವೆ, ಒಂದೇ ಸಲಕ್ಕೆ ಎಲ್ಲರಿಗೂ ಕಳಿಸಿ’ ಎಂದು ಮಾರುವವರೂ ಹುಟ್ಟಿಕೊಂಡಿದ್ದಾರೆ. ಸ್ಪರ್ಧೆಗೆ ಅಂಜಿದವರು ಅದನ್ನೂ ಕೊಳ್ಳುತ್ತಾರೆ.

ಇದರ ನಷ್ಟ ಯಾರಿಗೆ?

ಕಿನ್ನಾಳದ ಕುಶಲಕರ್ಮಿ ಹಗುರವಾದ ಮರವನ್ನು ಕೆತ್ತಿ, ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಸೇರಿಸಿ, ಸೆಣಬು ಮತ್ತು ಮರದ ಹೊಟ್ಟಿನ ಕಿಟ್ಟ ಮೆತ್ತಿ, ಒಣಗಿಸಿ, ಬಣ್ಣ ಹಚ್ಚುತ್ತಾನೆ. ಈ ಗೊಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಮಾನ್ಯತೆ ಯಾರೊಬ್ಬರ ಸ್ವತ್ತೂ ಅಲ್ಲ. ಆ ನೆಲದಲ್ಲಿ ಆ ಪದ್ಧತಿಯಂತೆ ಮಾಡುವ ಎಲ್ಲರಿಗೂ ಸೇರಿದ್ದು. ‘ಕಿನ್ನಾಳ’ ಎಂಬ ಹೆಸರು ಕೇಳಿದ ಕೂಡಲೇ ಕೊಳ್ಳುವವರಿಗೆ ನಂಬಿಕೆ ಬರುವುದು ತಲೆಮಾರುಗಳ ದುಡಿಮೆಯಿಂದ.

ಬೆಂಗಳೂರಿನ ಒಂದು ಕರಕುಶಲ ಅಂಗಡಿಗೆ ಗುರುತಿಲ್ಲದ ಇಪ್ಪತ್ತು ನಂಬರ್‌ಗಳಿಂದ ಒಂದೇ ಗೊಂಬೆಯ ಫೋಟೊ ಬಂತೆನ್ನಿ. ಕಳಿಸಿದವರಲ್ಲಿ ಹೆಚ್ಚಿನವರು ಉಳಿ ಹಿಡಿದವರಲ್ಲ, ನಡುವಿನ ದಲ್ಲಾಳಿಗಳು. ಅಂಗಡಿಯವರು ಬೇಸತ್ತು ಎಲ್ಲರನ್ನೂ ಬ್ಲಾಕ್ ಮಾಡುತ್ತಾರೆ. ಇಪ್ಪತ್ತೊಂದನೆಯದಾಗಿ, ತಾನೇ ಕೆತ್ತಿದ ಗೊಂಬೆಯ ಬಗ್ಗೆ ಹೆಣ್ಣುಮಗಳೊಬ್ಬಳು ಬರೆದರೆ ಅದನ್ನು ಯಾರೂ ತೆರೆಯುವುದಿಲ್ಲ. ನಮ್ಮ ಮಗ್ಗದ ಇಳಕಲ್ ಸೀರೆಗೂ ಗಂಗಾವತಿಯ ಸೋನಾ ಮಸೂರಿಗೂ ಇದೇ ಗತಿ. ಒಬ್ಬರ ಆತುರಕ್ಕೆ ಇಡೀ ಸೀಮೆ ದಂಡ ತೆರುತ್ತದೆ. ನಮ್ಮ ಚಳವಳಿಯ ಮೂಲ ಮಾತು ಇದೇ: ಊರಿನ ಹೆಸರು ಎಲ್ಲರ ಆಸ್ತಿ, ಅದನ್ನು ಒಬ್ಬರೇ ಖರ್ಚು ಮಾಡುವಂತಿಲ್ಲ.

‘ನೂರರಲ್ಲಿ ಒಬ್ಬರಾದರೂ ಕೊಳ್ಳುತ್ತಾರಲ್ಲ?’

ಕೊಳ್ಳಬಹುದು. 1978ರಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಯ ಮಾರಾಟಗಾರ ಗ್ಯಾರಿ ಥ್ಯೂರ್ಕ್, ಇಂದಿನ ಇಂಟರ್ನೆಟ್ಟಿನ ಮೂಲರೂಪವಾದ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನರಿಗೆ ಒಂದೇ ಜಾಹೀರಾತನ್ನು ಕಳಿಸಿದ. ಅದರಿಂದ ಮಾರಾಟವಾಯಿತೆಂದು ಅವನು ಹೇಳಿಕೊಂಡ. ಜಾಲದ ತುಂಬ ಆಕ್ಷೇಪಗಳೂ ಎದ್ದವು. ಲಾಭ ಕಳಿಸಿದವನಿಗೆ, ಕಿರುಕುಳ ಉಳಿದವರಿಗೆ ಎಂಬ ಲೆಕ್ಕ ಅಂದೇ ಶುರುವಾಯಿತು. ಆ ಒಬ್ಬ ಗಿರಾಕಿಗಾಗಿ ಮುಚ್ಚಿಹೋದ ತೊಂಬತ್ತೊಂಬತ್ತು ಬಾಗಿಲುಗಳನ್ನು ನಾಳೆ ತಟ್ಟಬೇಕಾದವರು ನಮ್ಮ ನೆರೆಯವರೇ.

ಕಾನೂನು ಎಲ್ಲವನ್ನೂ ತಡೆಯದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮದಂತೆ, ಬೇಡದ ಜಾಹೀರಾತು ಕರೆ ಮತ್ತು ಎಸ್‌ಎಂಎಸ್ ಬಗ್ಗೆ 1909ಕ್ಕೆ ದೂರು ಕೊಡಬಹುದು. ಆದರೆ ಅದು ವಾಟ್ಸಾಪ್ ಸಂದೇಶಗಳಿಗೆ ಅನ್ವಯಿಸುವುದಿಲ್ಲ. ಆ ತೆರವನ್ನು ತುಂಬಬೇಕಾದದ್ದು ನಮ್ಮ ಮರ್ಯಾದೆ.

ನಮ್ಮ ಕಟ್ಟಳೆಗಳು

1. ಮೊದಲ ಸಾಲಿನಲ್ಲೇ ನಮ್ಮ ಹೆಸರು, ಊರು, ಕೆಲಸ ಹೇಳುತ್ತೇವೆ. ದಲ್ಲಾಳಿಯಾಗಿದ್ದರೆ ದಲ್ಲಾಳಿ ಎಂದೇ ಹೇಳುತ್ತೇವೆ.

2. ಎದುರಿನವರ ಕೆಲಸ ಏನೆಂದು ತಿಳಿದುಕೊಳ್ಳದೆ ಬರೆಯುವುದಿಲ್ಲ. ‘ನಿಮಗೇ ಏಕೆ ಬರೆಯುತ್ತಿದ್ದೇನೆ’ ಎಂದು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಕಳಿಸುವುದಿಲ್ಲ.

3. ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸುವುದಿಲ್ಲ. ಫೋಟೊ, ದರಪಟ್ಟಿ, ಬಯೋಡೇಟಾ ಕಳಿಸುವ ಮುಂಚೆ ‘ಕಳಿಸಲೇ?’ ಎಂದು ಕೇಳುತ್ತೇವೆ.

4. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ಮಾತ್ರ ನೆನಪಿಸುತ್ತೇವೆ. ಬೇಡವೆಂದರೆ ಅಲ್ಲಿಗೆ ಮುಗಿಯಿತು.

5. ಇಲ್ಲದ ಸಲುಗೆ ತೋರಿಸುವುದಿಲ್ಲ. ಯಾರದಾದರೂ ಹೆಸರು ಹೇಳಬೇಕಿದ್ದರೆ ಅವರ ಒಪ್ಪಿಗೆ ಪಡೆದೇ ಹೇಳುತ್ತೇವೆ.

6. ನಂಬರ್ ಪಟ್ಟಿ ಕೊಳ್ಳುವುದಿಲ್ಲ, ಮಾರುವುದಿಲ್ಲ. ಒಂದು ಕಾರಣಕ್ಕೆ ಪಡೆದ ಮಾಹಿತಿಯನ್ನು ಇನ್ನೊಂದಕ್ಕೆ ಬಳಸುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ.

7. ಕೇಳುವ ಮೊದಲು ಕೊಡುವುದನ್ನು ಕಲಿಯುತ್ತೇವೆ: ಬೆಳೆಯ ನಿಜವಾದ ಸ್ಥಿತಿ, ಮಾಲು ಸಿದ್ಧವಾಗುವ ದಿನ, ನಮ್ಮಲ್ಲಿಲ್ಲದ್ದು ಯಾರಲ್ಲಿ ಸಿಗುತ್ತದೆಂಬ ಮಾಹಿತಿ.

ಮಾದರಿಗೆ ಒಂದು ಸಂದೇಶ: ‘ನಮಸ್ಕಾರ ಮೇಡಂ. ನಾನು ಕಿನ್ನಾಳದಲ್ಲಿ ಮರದ ಗೊಂಬೆ ಮಾಡುತ್ತೇನೆ. ನಿಮ್ಮ ಅಂಗಡಿಯಲ್ಲಿ ದಸರೆಗೆ ಗೊಂಬೆ ಇಡುತ್ತೀರೆಂದು ತಿಳಿಯಿತು. ನಮ್ಮಲ್ಲಿ ದಶಾವತಾರದ ಜೋಡಣೆ ಸಿದ್ಧವಾಗುತ್ತಿದೆ. ಎರಡು ಫೋಟೊ ಕಳಿಸಲೇ? ಬೇಡವೆಂದರೆ ಮತ್ತೆ ತೊಂದರೆ ಕೊಡುವುದಿಲ್ಲ.’ ಇಷ್ಟು ಸಾಕು.

ನಮ್ಮ ಬೇಡಿಕೆಗಳು

ಅಪರಿಚಿತರಿಗೆ ಬರೆಯಬೇಡಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಅಡತಿ ಅಂಗಡಿಯವರ ಮಗನಿಗೆ ಹುಟ್ಟಿನಿಂದಲೇ ನೂರು ಜನರ ಪರಿಚಯವಿರುತ್ತದೆ. ಮಗ್ಗದವರ ಮಗಳಿಗೆ ಇರುವುದು ಒಂದು ಫೋನು ಮಾತ್ರ. ಆಕೆಯ ಮಾತಿಗೆ ಜಾಗ ಉಳಿಯಲೆಂದೇ ಗದ್ದಲ ತಗ್ಗಬೇಕು.

ಹಾಗಾಗಿ ಖರೀದಿದಾರರಲ್ಲಿ, ಅಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇವೆ: ಮರ್ಯಾದೆಯಿಂದ ಬರೆದವರಿಗೆ ‘ಬೇಡ’ ಎಂದಾದರೂ ಉತ್ತರಿಸಿ. ಕಾಲೇಜುಗಳಲ್ಲಿ ಕೇಳಿಕೊಳ್ಳುತ್ತೇವೆ: ಒಬ್ಬರಿಗಾಗಿಯೇ ಒಂದು ಪತ್ರ ಬರೆಯುವುದನ್ನು ಅಂತಿಮ ವರ್ಷದ ಪ್ರತಿ ವಿದ್ಯಾರ್ಥಿಗೂ ಕಲಿಸಿ. ಗ್ರೂಪ್ ಅಡ್ಮಿನ್‌ಗಳಲ್ಲಿ ಕೇಳಿಕೊಳ್ಳುತ್ತೇವೆ: ಸದಸ್ಯರ ನಂಬರ್‌ಗಳನ್ನು ಎತ್ತಿಕೊಂಡು ಜಾಹೀರಾತು ಕಳಿಸುವವರನ್ನು ಹೊರಗಿಡಿ.

ಸೇರುವ ಬಗೆ

ಶುಲ್ಕವಿಲ್ಲ, ಅರ್ಜಿಯಿಲ್ಲ. ಇಂದೇ ನಿಮ್ಮ ಗ್ರೂಪುಗಳನ್ನು, ಬ್ರಾಡ್‌ಕಾಸ್ಟ್ ಪಟ್ಟಿಗಳನ್ನು ತೆರೆಯಿರಿ. ಒಪ್ಪಿಗೆಯಿಲ್ಲದೆ ಸೇರಿಸಿದ ಒಂದೊಂದು ಹೆಸರನ್ನೂ ತೆಗೆಯಿರಿ. ಆಮೇಲೆ, ನಿಮ್ಮ ಕೆಲಸ ನಿಜವಾಗಿಯೂ ಬೇಕಾಗಬಹುದಾದ ಒಬ್ಬರನ್ನು ಹುಡುಕಿ, ಅವರೊಬ್ಬರಿಗೇ ಬರೆಯಿರಿ. ಹಾಗೆ ಬರೆದವರೆಲ್ಲ ಈ ಚಳವಳಿಯವರು.